ರಸ್ತೆಯ ಮೂಲಕ ಭೂತಾನಿಗೆ ಹೊರಡುವವರಿಗೆ

ಭಾರತೀಯರಿಗೆ ಭೂತಾನಿನಲ್ಲಿ ವೀಸಾ ಬೇಕಿಲ್ಲವೆಂಬುದು ನಿಜವೇ ಆದರೂ, ಕೈಬೀಸಿಕೊಂಡು ಹೋಗಿಬರುವ ದೇಶ ಅದಲ್ಲ. ಪ್ರವೇಶ ಪರವಾನಗಿ ಬೇಕೇ ಬೇಕು. ಅದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಆಗುತ್ತದೆ. ನಮ್ಮಲ್ಲಿ ಬ್ಯಾಂಕಿನಿಂದ ಸಿಮ್ ಕಾರ್ಡಿನವರೆಗೆ ಎಲ್ಲಕ್ಕೂ ಸಲ್ಲುವ ಆಧಾರ್ ಅಲ್ಲಿ ಸಲ್ಲುವುದಿಲ್ಲ. ಪಾಸ್‌ಪೋರ್ಟ್ ಇಲ್ಲದ ಮಕ್ಕಳಿಗೆ ಜನನ ಪ್ರಮಾಣಪತ್ರವಿರಬೇಕು. ಗಡಿಯೂರಾದ ಫುಂಟ್‌ಶೋಲಿಂಗಿನ ವಲಸೆ ಕಚೇರಿಯಲ್ಲಿ ನಮ್ಮ ಮುಂದಿದ್ದ ಕುಟುಂಬವೊಂದು ಮಗುವಿನ ಆಧಾರ್ ಹಿಡಿದು ನಿಂತಿದ್ದು, ಊರಿನಲ್ಲಿದ್ದ ಅಜ್ಜನಿಗೆ ಫೋನ್ ಮಾಡಿ ಬೀರುವಿನ ಕಾಗದಗಳನ್ನು ಹುಡುಕಿಸುತ್ತಿತ್ತು.

ಪರವಾನಗಿಗಿಂತ ಹೆಚ್ಚು ಯೋಚಿಸಬೇಕಾದದ್ದು ರಾತ್ರಿಗಳ ಲೆಕ್ಕವನ್ನು. ಕೋವಿಡ್ ನಂತರ 2022ರ ಸೆಪ್ಟೆಂಬರಿನಲ್ಲಿ ಗಡಿ ತೆರೆದಾಗಿನಿಂದ ಭಾರತೀಯ ವಯಸ್ಕರು ತಂಗುವ ಪ್ರತಿ ರಾತ್ರಿಗೆ 1,200 ರೂಪಾಯಿಯನ್ನು ಸುಸ್ಥಿರ ಅಭಿವೃದ್ಧಿ ಶುಲ್ಕವೆಂದು ಕಟ್ಟಬೇಕು. 6ರಿಂದ 12 ವರ್ಷದ ಮಕ್ಕಳಿಗೆ ಅದರ ಅರ್ಧ. ಹೋಟೆಲು, ವಾಹನ, ಊಟದ ಖರ್ಚು ಇದರ ಹೊರಗಿನದು. ನಾಲ್ಕು ಜನರ ಕುಟುಂಬಕ್ಕೆ ಈ ಮೊತ್ತ ಸಣ್ಣದಲ್ಲವಾದ್ದರಿಂದ ಬಹಳ ಮಂದಿ ಮೊದಲು ಮೊಟಕುಗೊಳಿಸುವುದು ರಾತ್ರಿಗಳನ್ನೇ, ನೋಡುವ ಜಾಗಗಳನ್ನಲ್ಲ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಉಳಿತಾಯ. ಬುಮ್‌ಥಾಂಗ್ ಮುಂತಾದ ದೂರದ ಕಣಿವೆಗಳನ್ನು ಕೈಬಿಟ್ಟು ಥಿಂಪು, ಪುನಾಖಾ, ಪಾರೋ ಮೂರರಲ್ಲಿ ನಿಧಾನವಾಗಿ ತಂಗುವುದು ಮೇಲು.

ಏಕೆಂದರೆ ಅಲ್ಲಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಮೋಸಹೋಗುತ್ತೇವೆ. ಬೆಂಗಳೂರಿನಿಂದ ಉತ್ತರ ಬಂಗಾಳದ ಬಾಗ್ಡೋಗ್ರಾಕ್ಕೆ ವಿಮಾನದಲ್ಲಿ ಬಂದು, ಅಲ್ಲಿಂದ ಚಹಾ ತೋಟಗಳ ನಡುವೆ ನಾಲ್ಕು ತಾಸಿನಷ್ಟು ಪಯಣಿಸಿ ಗಡಿಯ ಈಚೆಗಿನ, ಭಾರತದ ಊರಾದ ಜೈಗಾಂವ್ ತಲುಪಿದರೆ ಮೊದಲ ದಿನ ಮುಗಿದಂತೆಯೇ. ಮರುದಿನ ಫುಂಟ್‌ಶೋಲಿಂಗಿನಿಂದ ಥಿಂಪುವಿಗೆ ಇರುವುದು ಸುಮಾರು 150 ಕಿಲೋಮೀಟರ್ ಮಾತ್ರ. ಆದರೆ ಬಯಲಿನಿಂದ ಹೊರಟ ರಸ್ತೆ 2,300 ಮೀಟರ್ ಎತ್ತರದ ರಾಜಧಾನಿಗೆ ಏರುವಷ್ಟರಲ್ಲಿ ಐದಾರು ತಾಸು ಕಳೆದಿರುತ್ತದೆ. ಆಗುಂಬೆ ಘಟ್ಟದ ತಿರುವುಗಳಿಗೆ ಒಗ್ಗಿದವರಿಗೂ ಹೊಟ್ಟೆ ತೊಳಸುವುದುಂಟು, ಆದ್ದರಿಂದ ಬೆಳಗಿನ ತಿಂಡಿ ಹಗುರವಾಗಿರಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗೆ ಗುಡ್ಡ ಜರಿದು ಇದೇ ರಸ್ತೆ ಕಟ್ಟಿಕೊಳ್ಳುವ ಸಂಭವವಿರುತ್ತದೆ. ಅಕ್ಟೋಬರ್, ನವೆಂಬರ್ ಅಥವಾ ವಸಂತದ ತಿಂಗಳುಗಳು ಒಳ್ಳೆಯವು. ವಿಮಾನದಲ್ಲೇ ಪಾರೋಗೆ ಇಳಿಯುವುದೂ ಸಾಧ್ಯ. ಬೆಟ್ಟಗಳ ನಡುವಿನ ಆ ನಿಲ್ದಾಣದಲ್ಲಿ ವಿಶೇಷ ತರಬೇತಿ ಪಡೆದ ಪೈಲಟ್‌ಗಳು ಹಗಲಿನಲ್ಲಿ ಕಣ್ಣಳತೆಯ ಮೇಲೆ ವಿಮಾನ ಇಳಿಸುತ್ತಾರೆ. ಮೋಡ ಕವಿದರೆ ಕಾಯುವುದೇ ಗತಿ.

ಥಿಂಪುವಿನಿಂದ ಪುನಾಖಾಕ್ಕೆ ಹೋಗುವಾಗ ಸಿಗುವ ದೋಚುಲಾ ಕಣಿವೆದಾರಿ 3,100 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ 108 ಸ್ತೂಪಗಳ ಆಚೆ ಹಿಮಶಿಖರಗಳ ಸಾಲು ಕಾಣಬೇಕಾದರೆ ಬೆಳಿಗ್ಗೆ ಬೇಗನೆ ತಲುಪಬೇಕು. ಹೊತ್ತೇರಿದಂತೆ ಮಂಜು ಮುಸುಕುತ್ತದೆ. ಅಲ್ಲಿ ಉಣ್ಣೆಯ ಅಂಗಿ ಬೇಕಾದರೆ, ಕೆಲವು ತಾಸುಗಳಲ್ಲಿ 1,200 ಮೀಟರಿಗೆ ಇಳಿದು ಪುನಾಖಾದಲ್ಲಿ ಅದನ್ನು ಕಳಚಬೇಕಾಗುತ್ತದೆ. ಫೋ ಛು, ಮೋ ಛು ನದಿಗಳು ಕೂಡುವಲ್ಲಿ, ಭೂತಾನನ್ನು ಒಗ್ಗೂಡಿಸಿದ ಶಬ್‌ದ್ರುಂಗ್ ನವಾಂಗ್ ನಮ್‌ಗ್ಯಾಲ್ 17ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಮಠವನ್ನು ಹಲವರು ಅರ್ಧ ತಾಸಿನಲ್ಲಿ ಮುಗಿಸಿ ಥಿಂಪುವಿಗೆ ಹಿಂದಿರುಗುತ್ತಾರೆ. ಒಂದು ರಾತ್ರಿಯ ಶುಲ್ಕ ಕಟ್ಟಿ ಅಲ್ಲೇ ಉಳಿದರೆ ಸಂಜೆಯ ಜನವಿರಳ ಅಂಗಳ ನಿಮ್ಮದಾಗುತ್ತದೆ. ಇಂಥ ಕಡೆಗಳಲ್ಲಿ ತೋಳು, ಕಾಲು ಮುಚ್ಚುವ ಉಡುಪು ಇರಬೇಕು, ಟೋಪಿ ತೆಗೆಯಬೇಕು, ಗುಡಿಗಳೊಳಗೆ ಛಾಯಾಚಿತ್ರ ತೆಗೆಯಕೂಡದು.

ಪಾರೋದ ತಕ್ತ್‌ಸಂಗ್ ಮಠಕ್ಕೆ ಒಂದಿಡೀ ದಿನ ಮೀಸಲಿಡಿ, ಅದೂ ಪ್ರವಾಸದ ಕೊನೆಗೆ, ಮೈ ಎತ್ತರಕ್ಕೆ ಹೊಂದಿಕೊಂಡ ಮೇಲೆ. 1692ರಲ್ಲಿ ಕಟ್ಟಿದ ಈ ಮಠ 1998ರ ಬೆಂಕಿಯಲ್ಲಿ ಸುಟ್ಟು, ಅನಂತರ ಮತ್ತೆ ಎದ್ದು ನಿಂತದ್ದು. ಸುಮಾರು 3,120 ಮೀಟರ್ ಎತ್ತರದ ಬಂಡೆಗೆ ಅಂಟಿಕೊಂಡಿರುವ ಅದನ್ನು ತಲುಪಲು ನಡೆದೇ ಹೋಗಬೇಕು. ಕುದುರೆಗಳು ಒಯ್ಯುವುದು ಅರ್ಧದಾರಿಯ ಉಪಾಹಾರ ಗೃಹದ ಬಳಿಯವರೆಗೆ ಮಾತ್ರ, ಇಳಿಯುವಾಗ ಅವೂ ಇಲ್ಲ. ಕೊನೆಯ ಹಂತದಲ್ಲಿ ನೂರಾರು ಮೆಟ್ಟಿಲುಗಳನ್ನು ಇಳಿದು, ಜಲಪಾತದ ಸೇತುವೆ ದಾಟಿ, ಮತ್ತೆ ಹತ್ತಬೇಕಾಗುತ್ತದೆ ಎಂಬುದನ್ನು ಮಂಡಿನೋವಿನವರು ಮೊದಲೇ ತಿಳಿದಿರಬೇಕು. ಪ್ರವೇಶ ಚೀಟಿಯನ್ನು ಬೆಟ್ಟದ ಬುಡದಲ್ಲೇ ಕೊಳ್ಳಬೇಕು. ಮೊಬೈಲು, ಚೀಲಗಳನ್ನು ಮಠದ ಬಾಗಿಲಲ್ಲಿ ಒಪ್ಪಿಸಬೇಕು.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಅಲ್ಲಿನ ಮುಖ್ಯ ಖಾದ್ಯವಾದ ಎಮಾ ದತ್ಶಿಯಲ್ಲಿ ಮೆಣಸಿನಕಾಯಿ ಒಗ್ಗರಣೆಗಲ್ಲ, ಅದೇ ತರಕಾರಿ. ಚೀಸಿನಲ್ಲಿ ಬೆಂದಿದ್ದರೂ ಖಾರ ಕಡಿಮೆಯಾಗಿರುವುದಿಲ್ಲ. ಆಲೂಗಡ್ಡೆಯ ಕೇವಾ ದತ್ಶಿ, ಅಣಬೆಯ ಶಾಮು ದತ್ಶಿ ಮೆತ್ತಗಿನವು, ಕೆಂಪಕ್ಕಿ ಅನ್ನದೊಂದಿಗೆ ಚೆನ್ನಾಗಿ ಹೊಂದುತ್ತವೆ. ಒಣಮಾಂಸದ ಬಳಕೆ ಅಲ್ಲಿ ಧಾರಾಳವಾದ್ದರಿಂದ ತರಕಾರಿಯ ಪದಾರ್ಥವೆಂದರೂ ಒಮ್ಮೆ ಕೇಳಿಕೊಳ್ಳುವುದು ಕ್ಷೇಮ.

ಭೂತಾನಿನ ಹಣವಾದ ನ್ಗುಲ್ಟ್ರಮ್ ಮತ್ತು ನಮ್ಮ ರೂಪಾಯಿಯ ಬೆಲೆ ಒಂದೇ. ನಮ್ಮ ನೋಟುಗಳನ್ನು ಅಂಗಡಿಗಳು ತೆಗೆದುಕೊಳ್ಳುತ್ತವೆ. ಭೀಮ್ ಕ್ಯೂಆರ್ ಪಾವತಿ 2021ರಲ್ಲೇ ಶುರುವಾಗಿದ್ದರೂ ಅದನ್ನೊಂದನ್ನೇ ನೆಚ್ಚದೆ ನಗದು ಇಟ್ಟುಕೊಳ್ಳಿ. ಚಿಲ್ಲರೆಯಾಗಿ ಬಂದ ನ್ಗುಲ್ಟ್ರಮ್ ಜೈಗಾಂವಿನವರೆಗೆ ಮಾತ್ರ ನಡೆಯುತ್ತದೆ, ಅಷ್ಟರೊಳಗೆ ಖರ್ಚುಮಾಡಬೇಕು. ಭೂತಾನಿನ ಗಡಿಯಾರ ನಮಗಿಂತ ಅರ್ಧ ತಾಸು ಮುಂದಿರುವುದರಿಂದ ಕಚೇರಿಗಳು ತೆರೆಯುವ, ಮುಚ್ಚುವ ವೇಳೆಯನ್ನು ಅದರಂತೆಯೇ ಎಣಿಸಬೇಕು. ಹಿಂದಿರುಗುವಾಗ ಥಿಂಪುವಿನಿಂದ ಹೊರಟ ದಿನವೇ ಬಾಗ್ಡೋಗ್ರಾದ ವಿಮಾನವನ್ನೋ ಹಾಸಿಮಾರಾದ ರೈಲನ್ನೋ ಹಿಡಿಯುವ ಯೋಜನೆ ಬೇಡ. ಆ ರಾತ್ರಿ ಜೈಗಾಂವಿನಲ್ಲಿ ತಂಗಿದರೆ ಭೂತಾನಿನ ಶುಲ್ಕವೂ ಇರುವುದಿಲ್ಲ.