ಡಿಕ್ಕಿಯ ಮೂಲೆಗೊಂದು ಫೈಬರ್ ಪೆಟ್ಟಿಗೆ

2018ರ ಮಾದರಿಯ ಮಾರುತಿ ಸ್ವಿಫ್ಟ್ ಕಾರಿನ ಡಿಕ್ಕಿಯಲ್ಲಿ 268 ಲೀಟರ್ ಜಾಗವಿದೆ. ಹತ್ತು ಇಂಚಿನ ಸಬ್‌ವೂಫರ್ (ತಗ್ಗಿನ ಸ್ವರಗಳಿಗೆಂದೇ ಇರುವ ದೊಡ್ಡ ಸ್ಪೀಕರ್) ಕೂರಿಸಿದ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಸಿದ್ಧ ಪೆಟ್ಟಿಗೆಯೊಂದನ್ನು ಅದರ ನಡುವೆ ತಂದಿಟ್ಟರೆ, ಪೆಟ್ಟಿಗೆ ಹಿಡಿಯುವ ಜಾಗ ಒಂದು ಕಡೆಯಾದರೆ, ಅದರ ಆಚೀಚೆ ಸೂಟ್‌ಕೇಸೂ ನಿಲ್ಲದ, ತರಕಾರಿ ಚೀಲವೂ ಸರಿಯಾಗಿ ಕೂರದ ಸಂದುಗಳಾಗಿ ಹಾಳಾಗುವ ಜಾಗ ಇನ್ನೊಂದು ಕಡೆ. ಅದೇ ಡಿಕ್ಕಿಯ ಬದಿಯಲ್ಲಿ, ಹಿಂಚಕ್ರದ ಉಬ್ಬಿಗೂ ಟೈಲ್ ಲ್ಯಾಂಪಿಗೂ ನಡುವೆ, ಯಾವ ಲೆಕ್ಕಕ್ಕೂ ಬಾರದ ಒಂದು ಅಂಕುಡೊಂಕು ಗುಳಿಯಿರುತ್ತದೆ. ಸಬ್‌ವೂಫರಿನ ಪೆಟ್ಟಿಗೆಯನ್ನು ಆ ಗುಳಿಯ ಅಚ್ಚಿನಲ್ಲಿಯೇ ಫೈಬರ್‌ಗ್ಲಾಸ್‌ನಿಂದ ಮಾಡಿಕೊಂಡದ್ದರ ವಿವರಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಫೈಬರ್ ಪೆಟ್ಟಿಗೆಯಲ್ಲಿ ಬೇಸ್ ಚೆನ್ನಾಗಿ ಬರುತ್ತದೆ ಎಂದು ಕಾರ್ ಆಡಿಯೋ ಅಂಗಡಿಗಳಲ್ಲಿ ಹೇಳುವುದುಂಟು. ಅದನ್ನು ನಾನು ಒಪ್ಪುವುದಿಲ್ಲ. ಒಳಗಿನ ಗಾಳಿಯ ಪ್ರಮಾಣ ಒಂದೇ ಆಗಿದ್ದು, ಗೋಡೆಗಳು ಸಾಕಷ್ಟು ಗಟ್ಟಿಯಾಗಿದ್ದು, ಎಲ್ಲಿಯೂ ಗಾಳಿ ಸೋರದಿದ್ದರೆ, ಎಂಡಿಎಫ್ ಪೆಟ್ಟಿಗೆಗೂ ಫೈಬರ್ ಪೆಟ್ಟಿಗೆಗೂ ಕಿವಿಗೆ ತಿಳಿಯುವಂಥ ವ್ಯತ್ಯಾಸ ಇರುವುದಿಲ್ಲ. ಫೈಬರ್‌ನಿಂದ ಸಿಗುವ ಲಾಭ ಜಾಗದ್ದು ಮಾತ್ರ, ಮತ್ತು ಆ ಲಾಭ ಸಾಧ್ಯವಾಗುವುದೂ ತಗ್ಗಿನ ಸ್ವರಗಳ ಸ್ವಭಾವದಿಂದಲೇ. 50 ಹರ್ಟ್ಸ್‌ನ ಶಬ್ದದ ಅಲೆಯ ಉದ್ದ ಗಾಳಿಯಲ್ಲಿ ಸುಮಾರು ಏಳು ಮೀಟರ್. ಒಂದೂವರೆ ಅಡಿಯ ಪೆಟ್ಟಿಗೆಯೊಳಗಿನ ಮೂಲೆ, ಉಬ್ಬು, ತಗ್ಗುಗಳು ಅಷ್ಟು ಉದ್ದದ ಅಲೆಯ ಮಟ್ಟಿಗೆ ಇದ್ದೂ ಇಲ್ಲದಂತೆ. ಅಲ್ಲಿನ ಗಾಳಿ ಒಂದೇ ಸ್ಪ್ರಿಂಗಿನ ಹಾಗೆ ಒಟ್ಟಾಗಿ ಒತ್ತಿಕೊಳ್ಳುತ್ತದೆ, ಒಟ್ಟಾಗಿ ಹಿಗ್ಗುತ್ತದೆ. ಆ ಸ್ಪ್ರಿಂಗು ಎಷ್ಟು ಬಿಗಿ ಎಂಬುದನ್ನು ನಿರ್ಧರಿಸುವುದು ಲೀಟರ್ ಲೆಕ್ಕವೇ ಹೊರತು ಪೆಟ್ಟಿಗೆಯ ಚಂದವಲ್ಲ. ಆದ್ದರಿಂದ ಕೆಲಸ ಆರಂಭವಾಗಬೇಕಾದದ್ದು ಕ್ಯಾಲ್ಕುಲೇಟರಿನಿಂದ, ಗಾಜಿನ ಎಳೆಗಳನ್ನು ಗಟ್ಟಿಯಾಗಿ ಹಿಡಿದಿಡುವ ರೆಸಿನ್ ಎಂಬ ದ್ರವದ ಡಬ್ಬಿಯಿಂದಲ್ಲ.

ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಾಗಿ ಬಳಸಿಕೊಳ್ಳುವ ಉಪಾಯವನ್ನು 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಎಆರ್-1 ಸ್ಪೀಕರಿನಲ್ಲಿ ಮಾರುಕಟ್ಟೆಗೆ ತಂದರು; ಅಲ್ಲಿಯವರೆಗೆ ತಗ್ಗಿನ ಸ್ವರ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗುತ್ತಿತ್ತು. ಆಮೇಲೆ ಆಸ್ಟ್ರೇಲಿಯಾದಲ್ಲಿ 1961ರಲ್ಲಿ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಮಾಡಿದ ಕೆಲಸದಿಂದಾಗಿ, ಇಂದು ಪ್ರತಿಯೊಂದು ಒಳ್ಳೆಯ ಸಬ್‌ವೂಫರಿನ ಜೊತೆ ಬರುವ ಚೀಟಿಯಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂಬ ಮೂರು ಅಂಕಿಗಳು ಇರುತ್ತವೆ. ಮೊದಲನೆಯದು ಸಬ್‌ವೂಫರ್ ಪೆಟ್ಟಿಗೆಯಿಲ್ಲದೆ ತಾನಾಗಿ ಅನುರಣಿಸುವ ಆವರ್ತನ; ಎರಡನೆಯದು, ಅದುರುವ ಮೈ ಅಂದರೆ ಕೋನ್ ಎಷ್ಟು ಬೇಗ ತಣಿಯುತ್ತದೆ ಎಂಬುದರ ಅಳತೆಯಾದ ಕ್ಯೂ, ಅದು ಕಡಿಮೆಯಾದಷ್ಟೂ ಬೇಗ ತಣಿಯುತ್ತದೆ; ಮೂರನೆಯದು ಕೋನನ್ನು ಹಿಡಿದಿರುವ ಭಾಗದಷ್ಟೇ ಬಿಗಿಯಾದ ಸ್ಪ್ರಿಂಗಾಗುವ ಗಾಳಿಯ ಪ್ರಮಾಣ. ನಾನು ಆರಿಸಿಕೊಂಡ ಹತ್ತು ಇಂಚಿನದರಲ್ಲಿ ಅವು ಕ್ರಮವಾಗಿ 32 ಹರ್ಟ್ಸ್, 0.45 ಮತ್ತು 30 ಲೀಟರ್. ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದಾಗ ಒಟ್ಟು ಕ್ಯೂ 0.707ಕ್ಕೆ ಬರಬೇಕೆಂದು ಇಟ್ಟುಕೊಂಡರೆ, 0.707ನ್ನು 0.45ರಿಂದ ಭಾಗಿಸಿದಾಗ 1.57 ಬರುತ್ತದೆ, ಅದರ ವರ್ಗದಲ್ಲಿ ಒಂದನ್ನು ಕಳೆದು, ಉಳಿದದ್ದರಿಂದ 30 ಲೀಟರನ್ನು ಭಾಗಿಸಿದರೆ ಪೆಟ್ಟಿಗೆಯ ಒಳಜಾಗ 20 ಲೀಟರಿಗಿಂತ ತುಸು ಹೆಚ್ಚು ಎಂದು ತಿಳಿಯುತ್ತದೆ. ಆಗ ಅನುರಣನದ ಆವರ್ತನ 32ರಿಂದ ಸುಮಾರು 50 ಹರ್ಟ್ಸ್‌ಗೆ ಏರುತ್ತದೆ. ಇದೇ ಸಬ್‌ವೂಫರನ್ನು ಹತ್ತು ಲೀಟರಿನಲ್ಲಿ ತುರುಕಿದರೆ ಕ್ಯೂ 0.9 ಆಗಿ, ಆವರ್ತನ 64 ಹರ್ಟ್ಸ್‌ಗೆ ಹೋಗಿ, ಎಲ್ಲ ಹಾಡುಗಳಲ್ಲಿಯೂ ಒಂದೇ ಬಗೆಯ ಗುಂಯ್‌ಗುಡುವಿಕೆ ಕೇಳತೊಡಗುತ್ತದೆ. ಸಬ್‌ವೂಫರಿನ ಅಯಸ್ಕಾಂತ ಮತ್ತು ಬುಟ್ಟಿ ತಾವೇ ಒಂದೂವರೆ ಲೀಟರಿನಷ್ಟು ಜಾಗ ತಿನ್ನುವುದರಿಂದ ನನ್ನ ಗುರಿ 22 ಲೀಟರ್ ಎಂದಾಯಿತು.

50 ಹರ್ಟ್ಸ್ ಎಂದರೆ ಬಹಳ ಮೇಲಾಯಿತಲ್ಲ, ಬೇಸ್ ಗಿಟಾರಿನ ಅತ್ಯಂತ ತಗ್ಗಿನ ತಂತಿಯೇ 41 ಹರ್ಟ್ಸ್ ನುಡಿಯುತ್ತದಲ್ಲ ಎಂದು ಮನೆಯ ಸ್ಪೀಕರುಗಳ ಅಭ್ಯಾಸವಿದ್ದವರು ಕೇಳಬಹುದು. ಕಾರಿನ ಒಳಗೆ ಪರಿಸ್ಥಿತಿ ಬೇರೆ. ಅರ್ಧ ಅಲೆಯ ಉದ್ದ ಕಾರಿನ ಒಳಜಾಗದ ಉದ್ದವನ್ನು ಮೀರಿದ ಮೇಲೆ, ಅಂದರೆ ಚಿಕ್ಕ ಕಾರುಗಳಲ್ಲಿ ಹೆಚ್ಚುಕಡಿಮೆ 70 ಹರ್ಟ್ಸ್‌ನಿಂದ ಕೆಳಕ್ಕೆ, ಸಬ್‌ವೂಫರ್ ಅಲೆಗಳನ್ನು ಎಬ್ಬಿಸುವುದಕ್ಕಿಂತ ಹೆಚ್ಚಾಗಿ ಇಡೀ ಕಾರಿನ ಗಾಳಿಯನ್ನು ಒತ್ತಿ ಬಿಡುತ್ತಿರುತ್ತದೆ. ಆದರ್ಶ ಲೆಕ್ಕದಲ್ಲಿ ಆವರ್ತನ ಅರ್ಧಕ್ಕೆ ಇಳಿದಾಗಲೆಲ್ಲ ಶಬ್ದದ ಮಟ್ಟ 12 ಡೆಸಿಬೆಲ್ ಏರುತ್ತದೆ. ಮುಚ್ಚಿದ ಪೆಟ್ಟಿಗೆಯ ಶಬ್ದ ಅನುರಣನದ ಕೆಳಗೆ ಇಳಿಯುವುದೂ ಅದೇ 12 ಡೆಸಿಬೆಲ್‌ನ ದರದಲ್ಲಿ. ಗಾಜು, ಬಾಗಿಲು, ರಬ್ಬರುಗಳ ಸಂದಿನಿಂದ ಸೋರುವಷ್ಟು ಸೋರಿದರೂ, ಒಂದು ಕಳೆದುಕೊಂಡದ್ದರಲ್ಲಿ ಹೆಚ್ಚಿನ ಪಾಲನ್ನು ಇನ್ನೊಂದು ತುಂಬಿಕೊಡುತ್ತದೆ. ಚಿಕ್ಕ ಕಾರಿಗೆ ಚಿಕ್ಕ ಮುಚ್ಚಿದ ಪೆಟ್ಟಿಗೆಯೇ ಸಾಕೆಂದು ನಾನು ಹಟ ಹಿಡಿದಿರುವುದಕ್ಕೆ ಇದೇ ಕಾರಣ. ಗಾಳಿ ಒಳಹೊರಗೆ ಆಡಲು ಕೊಳವೆಯಿಟ್ಟ ಪೆಟ್ಟಿಗೆ ಗದ್ದಲಕ್ಕೆ ಒಳ್ಳೆಯದು. ಆದರೆ ಅದಕ್ಕೆ ಜಾಗವೂ ಹೆಚ್ಚು ಬೇಕು, ಅಂಕುಡೊಂಕು ಗುಳಿಯಲ್ಲಿ ಕೊಳವೆಯ ಲೆಕ್ಕ ಕೂರಿಸುವುದೂ ತಲೆನೋವು.

ಸಾಮಗ್ರಿಯ ವಿಷಯಕ್ಕೆ ಬಂದರೆ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಗಳಿವೆ. ಉಡುಪಿಯಲ್ಲಿರುವ ನನಗೆ ಮಲ್ಪೆಯಿದೆ. ಕರಾವಳಿಯ ಮೀನುಗಾರಿಕೆಯ ದೋಣಿಗಳಲ್ಲಿ ಬಹಳಷ್ಟು ಈಗ ಫೈಬರಿನವು. ದೋಣಿ ಕಟ್ಟುವವರ ಹತ್ತಿರ ರೆಸಿನ್, ಮ್ಯಾಟ್, ಹಾರ್ಡನರ್ ಎಂದರೆ ನಮ್ಮ ಅಡುಗೆಮನೆಯ ಸಾಮಾನುಗಳಷ್ಟು ಪರಿಚಿತ. ಕಾರ್ ಆಡಿಯೋ ಅಂಗಡಿಯವರು ಅರೆಬರೆ ಹೇಳಿದ್ದನ್ನು ಅಲ್ಲಿನ ಒಬ್ಬ ಮೇಸ್ತ್ರಿ ಪೂರ್ತಿಯಾಗಿ ಹೇಳಿಕೊಟ್ಟರು. ಬೇಕಾದದ್ದು ಪಾಲಿಯೆಸ್ಟರ್ ರೆಸಿನ್, ಮತ್ತು ಕತ್ತರಿಸಿದ ಗಾಜಿನ ಎಳೆಗಳನ್ನು ಅಡ್ಡಾದಿಡ್ಡಿ ಹರಡಿ ಅಂಟಿನಿಂದ ಹಿಡಿದಿಟ್ಟ, ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಸ್ಟ್ರ್ಯಾಂಡ್ ಮ್ಯಾಟ್. ಆ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರವದಲ್ಲಿ ಕರಗುತ್ತದೆ. ಕರಗಿದ ಮೇಲೆಯೇ ಮ್ಯಾಟ್ ಮೆತ್ತಗಾಗಿ ಗುಳಿಯ ಮೂಲೆಮೂಲೆಗೂ ಬಗ್ಗುತ್ತದೆ. ಹೆಚ್ಚು ಬೆಲೆ ಕೊಟ್ಟು ಸ್ಟೈರೀನ್ ಇಲ್ಲದ ಎಪಾಕ್ಸಿ ರೆಸಿನ್ ತಂದು ಇದೇ ಮ್ಯಾಟಿನ ಮೇಲೆ ಹಾಕಿದರೆ ಅಂಟು ಸರಿಯಾಗಿ ಕರಗದೆ ಮ್ಯಾಟ್ ಮೂಲೆಯಲ್ಲಿ ಸೆಟೆದು ನಿಲ್ಲುತ್ತದೆ. ದುಬಾರಿಯಾದದ್ದೆಲ್ಲ ಇಲ್ಲಿ ಮೇಲಲ್ಲ.

ರೆಸಿನ್ ಗಟ್ಟಿಯಾಗಲು ಎರಡು ದ್ರವಗಳು ಬೇಕು: ನೇರಳೆ ಬಣ್ಣದ ಕೋಬಾಲ್ಟ್ ಎಕ್ಸಿಲರೇಟರ್, ಮತ್ತು ಅಂಗಡಿಯಲ್ಲಿ ಹಾರ್ಡನರ್ ಎಂದು ಕರೆಯುವ, ಎಂಇಕೆಪಿ ಎಂಬ ಪೆರಾಕ್ಸೈಡ್. ಇವೆರಡನ್ನು ಯಾವ ಕಾರಣಕ್ಕೂ ನೇರವಾಗಿ ಒಂದರೊಳಗೊಂದು ಬೆರೆಸಬಾರದು. ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಅದು ಪೂರ್ತಿ ಬೆರೆತ ಮೇಲೆಯೇ ಹಾರ್ಡನರ್ ಹಾಕಬೇಕು, ಎರಡೂ ತೂಕದಲ್ಲಿ ರೆಸಿನ್‌ನ ನೂರಕ್ಕೆ ಒಂದರಿಂದ ಎರಡು ಪಾಲು ಮಾತ್ರ. ನಮ್ಮ ಕರಾವಳಿಯ ಸೆಕೆಯಲ್ಲಿ ಒಂದರ ಹತ್ತಿರವೇ ಇರುವುದು ಕ್ಷೇಮ, ಏಕೆಂದರೆ ಬಿಸಿಲೇರಿದ ಮೇಲೆ ಕಲಸಿದ ಡಬ್ಬಿ ಕಾಲು ಗಂಟೆಯೊಳಗೆ ಜೆಲ್ ಆಗಿಬಿಡುತ್ತದೆ, ಡಬ್ಬಿಯಲ್ಲಿ ಉಳಿದದ್ದು ಮುಟ್ಟಲಾಗದಷ್ಟು ಕಾಯುತ್ತದೆ. ಹಾರ್ಡನರಿನ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ, ಕನ್ನಡಕ ಕಡ್ಡಾಯ. ಸ್ಟೈರೀನ್‌ನ ಆವಿಗೆ ಬಟ್ಟೆಯ ಮಾಸ್ಕಾಗಲಿ ಎನ್-95 ಆಗಲಿ ಏನನ್ನೂ ಮಾಡಲಾರದು, ಅವು ಧೂಳಿಗೆ ಮಾತ್ರ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಜಾಗವೂ ತೆರೆದದ್ದಾಗಿರಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು: ತೇವ ಹೀರಿದ ಮ್ಯಾಟಿಗೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಜನವರಿಯ ಬೆಳಗುಗಳು ಪ್ರಶಸ್ತ.

ಕಾರಿನ ಯಾವ ಬದಿ ಎಂಬುದನ್ನು ಸ್ವಲ್ಪ ಯೋಚಿಸಿ ಆರಿಸಬೇಕು. ಇಂಧನ ತುಂಬುವ ಕೊಳವೆ ಹಾದುಹೋಗುವ ಬದಿಯನ್ನು ಬಿಟ್ಟು ಇನ್ನೊಂದನ್ನು ನಾನು ತೆಗೆದುಕೊಂಡೆ. ಟೈಲ್ ಲ್ಯಾಂಪಿನ ಬಲ್ಬ್ ಬದಲಾಯಿಸಲು ಕೈ ಹೋಗುವಷ್ಟು ಸಂದು ಬೇಕು. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗಲೆಂದು ಹಿಂಬದಿಯ ತಗಡಿನಲ್ಲಿ ಬಿಟ್ಟಿರುವ ಕಿಂಡಿಯನ್ನು ಮುಚ್ಚಬಾರದು. ಸ್ಟೆಪ್ನಿಯ ಮೇಲಿನ ಹಲಗೆ ಏಳುವಂತಿರಬೇಕು. ಇವೆಲ್ಲವನ್ನು ಗುರುತು ಮಾಡಿಕೊಂಡ ಮೇಲೆ ಗುಳಿಯ ಒಳಮೈಗೆ ಎರಡು ಪದರ ಮಾಸ್ಕಿಂಗ್ ಟೇಪ್, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ನೆಲಕ್ಕೆ ಹಚ್ಚುವ ಮೇಣ, ಮತ್ತು ಕಾರಿನ ಉಳಿದ ಭಾಗಕ್ಕೆಲ್ಲ ಪ್ಲಾಸ್ಟಿಕ್ ಹೊದಿಕೆ. ರೆಸಿನ್ ಒಮ್ಮೆ ಸೀಟಿನ ಬಟ್ಟೆಗೆ ಬಿದ್ದರೆ ಸೀಟಿನ ಆಯುಷ್ಯ ಇರುವವರೆಗೂ ಅಲ್ಲೇ ಇರುತ್ತದೆ.

ಮೊದಲ ಎರಡು ಪದರಗಳನ್ನು ಮಾತ್ರ ಕಾರಿನೊಳಗೆ ಹಾಕಿದರೆ ಸಾಕು. ಮ್ಯಾಟನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಅಂಗೈಯಗಲದ ತುಂಡುಗಳಾಗಿ ಹರಿದುಕೊಂಡರೆ ಅಂಚುಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಬ್ರಶ್‌ನಿಂದ ಗೋಡೆಗೆ ಬಣ್ಣ ಬಳಿದಂತೆ ಎಳೆಯತೊಡಗಿದ ನನ್ನನ್ನು ಮೇಸ್ತ್ರಿ ತಡೆದು, "ಎಳೆಯುವುದಲ್ಲ ಮಾರಾಯ್ರೆ, ಕುಟ್ಟಬೇಕು" ಎಂದರು. ಎಳೆದರೆ ಗಾಜಿನ ಎಳೆಗಳು ಬ್ರಶ್ಶಿಗೆ ಅಂಟಿಕೊಂಡು ಕಿತ್ತು ಬರುತ್ತವೆ. ಕುಟ್ಟಿದರೆ ರೆಸಿನ್ ಒಳಗಿಳಿದು ಗಾಳಿ ಮೇಲೆ ಬರುತ್ತದೆ, ಬಿಳಿಯ ಮ್ಯಾಟ್ ಪಾರದರ್ಶಕವಾಗುತ್ತದೆ. ಬಿಳಿಯಾಗಿ ಉಳಿದ ಚುಕ್ಕೆಯೆಂದರೆ ಅಲ್ಲಿ ಗಾಳಿಯ ಗುಳ್ಳೆಯಿದೆ ಎಂದರ್ಥ, ಅದನ್ನು ಕಬ್ಬಿಣದ ಹಲ್ಲಿನ ರೋಲರಿನಿಂದ ಉರುಳಿಸಿ ಓಡಿಸಬೇಕು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು; ಹೆಚ್ಚು ಸುರಿದರೆ ಗಟ್ಟಿತನ ಬರುವುದಿಲ್ಲ, ತೂಕ ಮಾತ್ರ ಬರುತ್ತದೆ, ಒಡೆಯುವ ಗುಣವೂ ಬರುತ್ತದೆ. ಎರಡು ಪದರ ಗಟ್ಟಿಯಾದ ಮೇಲೆ ಚಿಪ್ಪನ್ನು ಹೊರಗೆ ಎಬ್ಬಿಸಿ, ಉಳಿದ ನಾಲ್ಕನ್ನು ಅಂಗಳದಲ್ಲಿ ಹಾಕಿದೆ.

ಆರು ಪದರ ಏಕೆ ಬೇಕು ಎಂಬುದಕ್ಕೂ ಲೆಕ್ಕವಿದೆ. ಹತ್ತು ಇಂಚಿನ ಕೋನ್‌ನ ಕೆಲಸ ಮಾಡುವ ಮೈ ಸುಮಾರು 340 ಚದರ ಸೆಂಟಿಮೀಟರ್. ಅದು ಒಂದು ಸೆಂಟಿಮೀಟರ್ ಒಳಕ್ಕೆ ಬಂದರೆ 20 ಲೀಟರ್ ಗಾಳಿಯಲ್ಲಿ 0.34 ಲೀಟರ್ ಒತ್ತಿಕೊಳ್ಳುತ್ತದೆ. ಇಷ್ಟಕ್ಕೆ ಒತ್ತಡ ವಾತಾವರಣದ ನೂರಕ್ಕೆ 2.4 ಪಾಲಿನಷ್ಟು ಏರುತ್ತದೆ. ಕೇಳಲು ಅಲ್ಪವೆನಿಸಿದರೂ, ಒಂದು ಚದರ ಅಡಿಯ ಗೋಡೆಯ ಮೇಲೆ ಅದು 22 ಕೆ.ಜಿ.ಗೂ ಹೆಚ್ಚಿನ ಭಾರ. 40 ಹರ್ಟ್ಸ್‌ನ ಸ್ವರದಲ್ಲಿ ಸೆಕೆಂಡಿಗೆ 40 ಸಲ ಆ ಭಾರ ಗೋಡೆಯನ್ನು ಹೊರಕ್ಕೆ ತಳ್ಳಿ ಒಳಕ್ಕೆ ಎಳೆಯುತ್ತದೆ. ಬಾಗಿದ ಮೈ ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ, ಚಪ್ಪಟೆ ಭಾಗ ತಡೆದುಕೊಳ್ಳುವುದಿಲ್ಲ. ಈ ಮ್ಯಾಟಿನ ಒಂದು ಪದರ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ ಬರುವುದರಿಂದ ಆರು ಪದರಕ್ಕೆ ಆರು ಮಿಲಿಮೀಟರ್. ತಳದ ಚಪ್ಪಟೆ ಜಾಗಕ್ಕೆ ಇನ್ನೆರಡು ಪದರ ಸೇರಿಸಿ, ಎದುರುಬದುರು ಗೋಡೆಗಳ ನಡುವೆ ಒಂದು ಮರದ ಕೋಲನ್ನು ಆಧಾರವಾಗಿ ಕೂರಿಸಿದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಡಬ್ಬಿಯ ಸದ್ದು ಬಂದ ಕಡೆಯೆಲ್ಲ ಕೆಲಸ ಬಾಕಿಯಿದೆ ಎಂದೇ ತಿಳಿಯಬೇಕು.

ಮುಂಭಾಗಕ್ಕೆ 18 ಮಿಲಿಮೀಟರಿನ ಎಂಡಿಎಫ್‌ನಲ್ಲಿ ಉಂಗುರ ಕೊರೆಸಿ, ಸಬ್‌ವೂಫರ್ ಯಾವ ಕಡೆಗೆ ಮುಖ ಮಾಡಬೇಕೋ ಆ ಓರೆಯಲ್ಲಿ ಮರದ ಕಾಲುಗಳ ಮೇಲೆ ನಿಲ್ಲಿಸಿ, ಉಂಗುರದಿಂದ ಚಿಪ್ಪಿನ ಅಂಚಿನವರೆಗೆ ಫ್ಲೀಸ್ ಬಟ್ಟೆಯನ್ನು ಸುಕ್ಕಿಲ್ಲದಂತೆ ಬಿಗಿದು ಸ್ಟೇಪಲ್ ಹೊಡೆದೆ. ಬಟ್ಟೆ ರೆಸಿನ್ ಕುಡಿದು ಗಟ್ಟಿಯಾದಾಗ ಬರುವ ಆ ನಯವಾದ ಬಾಗು ಯಾವ ಬಡಗಿಯ ಕೈಗೂ ಸಿಗದಂಥದ್ದು, ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹಿಡಿಸಿದ ಹಂತವೂ ಅದೇ. ಆದರೆ ಗಟ್ಟಿಯಾದ ಬಟ್ಟೆ ಗೋಡೆಯಲ್ಲ. ಉಂಗುರದ ಬಾಯಿಯಿಂದ ಕೈ ಹಾಕಿ ಒಳಮೈಗೆ ಮ್ಯಾಟ್ ಪದರಗಳನ್ನು ಹಾಕಲೇಬೇಕು, ಬಟ್ಟೆ ಮತ್ತು ಚಿಪ್ಪು ಸೇರುವ ಅಂಚಿಗಂತೂ ಒಂದು ಪದರ ಹೆಚ್ಚಾಗಿಯೇ.

ಒಳಜಾಗವನ್ನು ಅಳೆಯುವುದಕ್ಕೆ ನೀರು ಬೇಡ, ಎಂಡಿಎಫ್ ಉಬ್ಬುತ್ತದೆ. ಸಣ್ಣ ಥರ್ಮಾಕೋಲ್ ಗುಂಡುಗಳನ್ನು ಉಂಗುರದ ಬಾಯಿಯವರೆಗೆ ತುಂಬಿಸಿ, ಮತ್ತೆ ಲೀಟರ್ ಅಳತೆಯ ಪಾತ್ರೆಯಲ್ಲಿ ಹೊರತೆಗೆದು ಎಣಿಸಿದೆ. ರಾಗಿಯೋ ಅಕ್ಕಿಯೋ ಆದರೂ ನಡೆಯುತ್ತದೆ, ಆದರೆ ಸ್ಟೈರೀನ್ ವಾಸನೆ ಹಿಡಿದದ್ದು ಆಮೇಲೆ ಅಡುಗೆಗೆ ಬರುವುದಿಲ್ಲ. ಅಳತೆ 23 ಲೀಟರಿನ ಆಸುಪಾಸಿನಲ್ಲಿ ನಿಂತಿತು. ಒಂದು ಲೀಟರಿನ ಹೆಚ್ಚುಕಡಿಮೆ ಕಿವಿಗೆ ತಿಳಿಯದು. ತುಸು ದೊಡ್ಡದಾದರೆ ಚಿಂತೆಯಿಲ್ಲ, ಮರದ ತುಂಡು ಅಂಟಿಸಿ ಕಡಿಮೆ ಮಾಡಬಹುದು. ಚಿಕ್ಕದಾದರೆ ಮುಂಭಾಗವನ್ನೇ ಕತ್ತರಿಸಬೇಕಾಗುತ್ತದೆ.

ಪುಟ್ಟಿ, ಉಜ್ಜು ಕಾಗದ, ಬಣ್ಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರಿನ ಡೆಂಟಿಂಗ್-ಪೇಂಟಿಂಗ್ ಕೆಲಸವನ್ನು ನೋಡಿದವರಿಗೆ ಅದು ಗೊತ್ತಿರುವುದೇ, ಮತ್ತು ಡಿಕ್ಕಿಯಲ್ಲಿರುವ ಬಣ್ಣದ ಮೇಲೆ ಸಾಮಾನು ತಗುಲಿ ಗೀರು ಬೀಳುವುದರಿಂದ ನಾನು ಡಿಕ್ಕಿಯ ಬಣ್ಣದ್ದೇ ಕಾರ್ಪೆಟ್ ಅಂಟಿಸಿದೆ. ಪೆಟ್ಟಿಗೆಯನ್ನು ತಗಡಿಗೆ ಬೋಲ್ಟಿನಿಂದ ಬಿಗಿಯುವುದನ್ನು ಮಾತ್ರ ಮರೆಯಬಾರದು. ಅಪಘಾತವಾದರೆ ಸಬ್‌ವೂಫರ್ ಸಮೇತ ಹತ್ತು ಕೆ.ಜಿ. ದಾಟುವ ಬಿಡಿ ವಸ್ತು ಹಿಂಸೀಟಿನವರ ತಲೆಗೇ ಬರುತ್ತದೆ. ಸಬ್‌ವೂಫರಿನ ಅಂಚಿಗೆ ಫೋಮ್ ಗ್ಯಾಸ್ಕೆಟ್, ತಂತಿ ಹೊರಬರುವಲ್ಲಿ ಸಿಲಿಕೋನ್. ಕೋನನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ಅದು ತಡವರಿಸಿ ನಿಧಾನಕ್ಕೆ ಹಿಂದಿರುಗಿದರೆ ಪೆಟ್ಟಿಗೆ ಗಾಳಿಯನ್ನು ಹಿಡಿದಿದೆ ಎಂದರ್ಥ. ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಹತ್ತಿರವೇ, ಒಂದೂವರೆ ಅಡಿಯೊಳಗೆ, ಫ್ಯೂಸ್ ಇರಬೇಕು; ಆ ಫ್ಯೂಸ್ ಕಾಪಾಡುವುದು ತಂತಿಯನ್ನು, ಆಂಪ್ಲಿಫೈಯರನ್ನಲ್ಲ.

ಕ್ರಾಸ್‌ಓವರನ್ನು (ಸಬ್‌ವೂಫರಿಗೆ ಎಲ್ಲಿಂದ ಕೆಳಗಿನ ಸ್ವರಗಳು ಹೋಗಬೇಕೆಂಬ ಗಡಿಯನ್ನು) 80 ಹರ್ಟ್ಸ್‌ಗೆ ಇಟ್ಟು, ಆಂಪ್ಲಿಫೈಯರಿನ ಮಟ್ಟವಾದ ಗೇನನ್ನು ಸಬ್‌ವೂಫರ್ ಇದೆ ಎಂದು ಗೊತ್ತಾಗುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿದ್ದೇನೆ. ಯಕ್ಷಗಾನದ ಚೆಂಡೆಗೆ ಅದರಿಂದ ಹೆಚ್ಚಿನ ಉಪಕಾರವಾಗಿಲ್ಲ, ಆ ನಾದವಿರುವುದೇ ಮೇಲೆ; ತಬಲಾದ ಎಡಗೈಯ ಡಗ್ಗಾ, ಸಿನಿಮಾ ಹಾಡುಗಳ ಬೇಸ್ ಗಿಟಾರ್ ಮಾತ್ರ ಬೇರೆಯೇ ಆಗಿ ಕೇಳುತ್ತವೆ. ಸದ್ಯ ಉಳಿದಿರುವುದು ಹಿಂಬಾಗಿಲಿನ ನಂಬರ್ ಪ್ಲೇಟಿನ ಗಡಗಡ. ಅದರ ಹಿಂದೆ ಫೋಮ್ ಟೇಪ್ ಹಚ್ಚಬೇಕು, ಬಾಗಿಲಿನ ಒಳತಗಡಿಗೆ ಅದುರು ತಡೆಯುವ ಬ್ಯುಟೈಲ್ ರಬ್ಬರಿನ ಹಾಳೆ ಅಂಟಿಸಬೇಕು.