ಆಷಾಢದಲ್ಲಿ ಹೌಸ್, ಶ್ರಾವಣದಿಂದ ಮದುವೆ: ಹನ್ನೊಂದು ವರ್ಷದ ಡಿಜೆ ಕೆಲಸದಲ್ಲಿ ಕಂಡದ್ದು

ಕಳೆದ ವಾರ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣ, ನಾನು ಟೆಕ್ನೋ ಒಂದನ್ನೇ ಹಿಡ್ಕೊಳ್ಳಾ, ಇಲ್ಲ ಎಲ್ಲಾ ಹಾಕೋದು ಕಲೀಲಾ? ಮದುವೆಗೆ ಹೋದ್ರೆ ದುಡ್ಡು ಬರುತ್ತೆ. ಆದ್ರೆ ಪಬ್‌ನವರು ಮದುವೆ ಡಿಜೆ ಅಂತ ಹತ್ತಿರ ಸೇರಿಸಲ್ಲ" ಅಂದ. ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಇದೇ ನನ್ನ ಅನ್ನ. ಎರಡೂ ಕಡೆ ಪೆಟ್ಟು ತಿಂದಿದ್ದೀನಿ. ಫೋನಿನಲ್ಲಿ ಹೇಳೋಕೆ ಆಗದೇ ಇದ್ದದ್ದನ್ನ ಇಲ್ಲಿ ಬರೀತಿದ್ದೀನಿ.

ನಾನು ಶುರು ಮಾಡಿದ್ದು ಹೌಸ್‌ನಿಂದ. ಟೆಕ್ನೋದ ಹಾಗೇ ಇದೂ ಕ್ಲಬ್‌ಗಳಲ್ಲಿ ಕುಣಿಯೋಕೆ ಹಾಕೋ, ಒಂದೇ ಸಮ ಬಡಿತದ ಎಲೆಕ್ಟ್ರಾನಿಕ್ ಸಂಗೀತ. ನಾಲ್ಕು ವರ್ಷ ಬೇರೇನೂ ಮುಟ್ಟಲಿಲ್ಲ. ಹೌಸ್ ಟ್ರ್ಯಾಕ್‌ಗಳನ್ನ ಕಟ್ಟೋದೇ ಡಿಜೆಯನ್ನ ಮನಸ್ಸಲ್ಲಿಟ್ಟುಕೊಂಡು. 124 ಬಿಪಿಎಂ (ನಿಮಿಷಕ್ಕೆ 124 ಬೀಟ್) ಟ್ರ್ಯಾಕ್ ಆದರೆ ಎಷ್ಟೋ ಸಲ ಮೊದಲ 64 ಬೀಟ್, ಅಂದರೆ ಸುಮಾರು ಅರ್ಧ ನಿಮಿಷ, ಬರೀ ಕಿಕ್ಕು (ದೊಡ್ಡ ಡ್ರಮ್ಮಿನ ಗುದ್ದು), ಹೈ-ಹ್ಯಾಟು (ಡ್ರಮ್ ಸೆಟ್ಟಿನ ತಾಳದ ಚಿಕ್-ಚಿಕ್ ಸದ್ದು). ಹಿಂದಿನ ಹಾಡಿನ ಬೆನ್ನ ಮೇಲೆ ಇದನ್ನ ಕೂರಿಸಲಿ ಅಂತಲೇ ಬಿಟ್ಟಿರೋ ಜಾಗ ಅದು. ನಾಲ್ಕು ವರ್ಷ ಅದನ್ನೇ ಮಾಡಿ ಮಾಡಿ, ಎರಡು ಕಿಕ್ ಒಂದು ಕೂದಲೆಳೆ ಹಿಂದೆಮುಂದೆ ಆದರೂ ಪರದೆ ನೋಡದೆ ಗೊತ್ತಾಗೋ ಹಾಗೆ ಕಿವಿ ಹದವಾಯ್ತು.

ಅದೇ ಧೈರ್ಯದಲ್ಲಿ ಹಾಸನದಲ್ಲಿ ಗೆಳೆಯನ ತಂಗಿಯ ಆರತಕ್ಷತೆಗೆ ಒಪ್ಪಿಕೊಂಡೆ. ಊಟ ಮುಗಿಸಿ ಹೆಂಗಸರು, ಮಕ್ಕಳು ವೇದಿಕೆ ಮುಂದೆ ಸೇರಿದ್ದರು. 122ರಲ್ಲಿ ಓಡ್ತಿದ್ದ ಹೌಸ್‌ನಿಂದ ಅವರು ಕೇಳಿದ ಹಳೇ ಕನ್ನಡ ಹಾಡಿಗೆ ಹೋಗಬೇಕಿತ್ತು. ಸಾಫ್ಟ್‌ವೇರ್ ಆ ಹಾಡಿನ ವೇಗ 150 ಅಂತ ತೋರಿಸ್ತು. ನಾನು ನಂಬಿ, ಎರಡು ಹಾಡಿನ ವೇಗವನ್ನ ತಾನೇ ಹೊಂದಿಸೋ ಸಿಂಕ್ ಬಟನ್ ಒತ್ತಿದೆ. ಅದು ಒಂದು-ಎರಡು-ಮೂರು, ಒಂದು-ಎರಡು-ಮೂರು ಅಂತ ತೂಗೋ ಹಾಡು. ಕಾಲು ಹೆಜ್ಜೆ ಹಾಕೋದು ನಿಮಿಷಕ್ಕೆ 100 ಸಲ. ಇಂಥ ನಡೆಯ ಹಾಡನ್ನ ಸಾಫ್ಟ್‌ವೇರ್ ಎಷ್ಟೋ ಸಲ ಹೀಗೇ ಒಂದೂವರೆ ಪಟ್ಟು ಎಣಿಸಿಬಿಡುತ್ತೆ. 150ನ್ನ 122ಕ್ಕೆ ಇಳಿಸಿದಾಗ 100ರ ಹೆಜ್ಜೆ 81ಕ್ಕೆ ಬಂತು. ಹಾಡುಗಾರನ ದನಿ ಮೇಣದ ಹಾಗೆ ಎಳೆದುಕೊಂಡು ಹೋಯ್ತು. ಎತ್ತಿದ ಕೈಗಳು ಹಾಗೇ ನಿಂತವು. ಗೆಳೆಯನ ಅಜ್ಜಿ ಹತ್ತಿರ ಬಂದು, "ಮಗಾ, ಆ ಹಾಡಿನ ಪಾಡಿಗೆ ಅದನ್ನ ಬಿಡಪ್ಪ" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮುಂದಿನ ಒಂದು ವರ್ಷ, ಹೌಸ್ ಕಲಿತಷ್ಟೇ ಶ್ರದ್ಧೆಯಿಂದ ನಮ್ಮ ಹಾಡುಗಳನ್ನ ಕಲಿತೆ. ಹಳೇ ಸಿನಿಮಾ ಹಾಡುಗಳಲ್ಲಿ ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿರ್ತಾರೆ. ಚರಣಕ್ಕೆ ಬರೋ ಹೊತ್ತಿಗೆ ಲಯ ಒಂಚೂರು ಮುಂದೆ ಓಡಿರುತ್ತೆ, ಗೆರೆ ಎಳೆದ ಹಾಗೆ ಸಾಗಲ್ಲ. ಜೊತೆಗೆ ಮಿಕ್ಸ್ ಮಾಡೋಕೆ ಜಾಗ ಬಿಡದೆ ನೇರ ಆಲಾಪಕ್ಕೋ ಪಲ್ಲವಿಗೋ ಇಳಿಯೋ ಹಾಡುಗಳೇ ಹೆಚ್ಚು. ಹಾಗಾಗಿ ಪ್ರತಿ ಹಾಡಿಗೂ ಮುಂದೆ 16 ಬೀಟ್ ತಮಟೆಯದ್ದೋ ಡೋಲಕ್‌ನದ್ದೋ ಲೂಪ್ ಸೇರಿಸಿ ನನ್ನದೇ ಎಡಿಟ್ ಮಾಡಿಕೊಂಡೆ. ಇನ್ನು ಹೌಸ್‌ನಂಥ ನಾಲ್ಕರ ನಡೆಯಿಂದ ಮೂರರ ತೂಗಿಗೆ ದಾಟೋದು ಹೇಗೆ? ಎರಡೂ ಹಾಡುಗಳ ಹೆಜ್ಜೆಯ ವೇಗವನ್ನ ಕೈಯಲ್ಲಿ ತಟ್ಟಿ ಒಂದು ಮಾಡಿ, ಹೋಗ್ತಿರೋ ಹಾಡಿನ ಹೈ ನಾಬ್ (ತೆಳು, ಚೂಪು ಸದ್ದಿನ ತಿರುಗುಗುಂಡಿ) ಪೂರ್ತಿ ಇಳಿಸಬೇಕು. ಜಗಳ ಆಡೋದು ಹೈ-ಹ್ಯಾಟ್. ಅದು ಹೋದರೆ ಉಳಿಯೋ ಒಂಟಿ ಕಿಕ್ ಮೇಲೆ ಮೂರರ ಹಾಡೂ ಒಪ್ಪವಾಗಿ ಕೂರುತ್ತೆ. ಹೌಸ್‌ನಲ್ಲಿ ಕಿವಿ ಪಳಗದೇ ಇದ್ದಿದ್ದರೆ ಜಗಳ ಯಾವುದರದ್ದು ಅಂತ ನನಗೆ ಕೇಳಿಸ್ತಾನೇ ಇರಲಿಲ್ಲ.

ಆಮೇಲೆ ಮೂರು ವರ್ಷ ಕೈತುಂಬ ಮದುವೆ. ಆಗ ಬಿತ್ತು ಎರಡನೇ ಪೆಟ್ಟು. ಒಂದು ಪಬ್‌ನಲ್ಲಿ ಗುರುವಾರ ಹೌಸ್ ರಾತ್ರಿಗೆ ಕರೆದರು. ನಲವತ್ತು ಜನ ಇದ್ದಿರಬಹುದು, ಎಲ್ಲರೂ ಸಂಗೀತ ಕೇಳೋಕಂತಲೇ ಬಂದವರು. ಹಾಡುಗಳ ಆಯ್ಕೆ ಚೆನ್ನಾಗೇ ಇತ್ತು. ಆದರೆ ಒಂದೂವರೆ ನಿಮಿಷ ಆಗೋ ಹೊತ್ತಿಗೆ ನನ್ನ ಕೈ ತಾನಾಗೇ ಫೇಡರ್ ಕಡೆ, ಅಂದರೆ ಹಾಡು ಬದಲಿಸೋ ಜಾರುಗುಂಡಿ ಕಡೆ, ಹೋಗ್ತಿತ್ತು. ಮದುವೆಯಲ್ಲಿ ಒಂದು ಪಲ್ಲವಿ, ಒಂದು ಚರಣ ಮುಗಿದರೆ ಮುಂದಿನ ಹಾಡು. ಹೌಸ್ ಟ್ರ್ಯಾಕ್ ಆರು ನಿಮಿಷ ಉಸಿರಾಡಬೇಕು, ಬೇಸ್ ಬರೋಕೆ ಮುಂಚಿನ ಕಾಯುವಿಕೆಯಲ್ಲೇ ಅದರ ಜೀವ ಇರೋದು. ನನಗೆ ಕಾಯೋಕೇ ಆಗಲಿಲ್ಲ. ಆ ರಾತ್ರಿ ಮನೆಗೆ ಬಂದಾಗ ಆದ ಸಂಕಟ ಹಾಸನದ್ದಕ್ಕಿಂತ ದೊಡ್ಡದು. ಅಲ್ಲಿ ನನಗೆ ಗೊತ್ತಿರಲಿಲ್ಲ, ಇಲ್ಲಿ ಗೊತ್ತಿದ್ದದ್ದನ್ನೇ ಕಳಕೊಂಡಿದ್ದೆ.

ಒಂದೇ ಪ್ರಕಾರ ಹಿಡಿದವರು ಬೇರೆಯದನ್ನ ಕೀಳು ಅಂತ ನೋಡೋದು ನನಗೆ ಸರಿ ಕಾಣಲ್ಲ. ಶಿಕಾಗೋದ ವೇರ್‌ಹೌಸ್ ಕ್ಲಬ್‌ನಲ್ಲಿ 1977ರಿಂದ ನುಡಿಸ್ತಿದ್ದ ಡಿಜೆ ಫ್ರ್ಯಾಂಕಿ ನಕಲ್ಸ್ ಡಿಸ್ಕೊ, ಸೋಲ್, ಯುರೋಪಿನ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಸಂಗೀತ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಹೆಣೀತಿದ್ದರು. ಹೌಸ್ ಬೆಳೆದದ್ದೇ ಅಂಥ ಹೆಣಿಗೆಯಿಂದ. ಆದರೆ ಒಂದು ಮಾತು. ಹೊಸಬರು ಮೊದಲ ದಿನದಿಂದಲೇ ಎಲ್ಲಾ ಹಾಕ್ತೀನಿ ಅಂತ ಹೊರಟರೆ ಯಾವುದರ ಒಳಗೂ ಇಳಿಯಲ್ಲ, ಕೇಳಿದ ಹಾಡು ಹಾಕೋದರಲ್ಲೇ ವರ್ಷಗಳು ಹೋಗ್ತವೆ. ಮೊದಲು ಎರಡು ವರ್ಷವಾದರೂ ಒಂದರಲ್ಲೇ ಮುಳುಗಿ ಅಂತಲೇ ನಾನು ಹೇಳೋದು.

ಈಗ ನನಗೆ ಪಂಚಾಂಗವೇ ಟೈಮ್‌ಟೇಬಲ್. ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ. ಆ ತಿಂಗಳು ಪೂರ್ತಿ ಹೌಸ್ ಮಾತ್ರ: ಹೊಸದು ಕೇಳೋದು, ದಿನಕ್ಕೆರಡು ಗಂಟೆ ಮಿಕ್ಸ್ ಮಾಡೋದು, ಟ್ರ್ಯಾಕ್ ಐದು ನಿಮಿಷ ಓಡೋವರೆಗೆ ಫೇಡರ್ ಮುಟ್ಟದೆ ಕೂರೋದು. ಶ್ರಾವಣ ಹುಟ್ಟಿದರೆ ಬ್ಯಾಗಿಗೆ ಮದುವೆ ಪೆನ್‌ಡ್ರೈವ್. ಧನುರ್ಮಾಸದಲ್ಲಿ ಮತ್ತೆ ಮದುವೆ ನಿಲ್ಲುತ್ತೆ, ಡಿಸೆಂಬರ್ 31ರ ಪಾರ್ಟಿ ಅದರ ನಡುವೆಯೇ ಬರುತ್ತೆ. ಹೌಸ್‌ನದ್ದು, ಮದುವೆಯದ್ದು, ಈ ಎರಡು ಪೆನ್‌ಡ್ರೈವ್‌ಗಳನ್ನ ನಾನು ಯಾವತ್ತೂ ಬೆರೆಸಲ್ಲ.

ಆ ಹುಡುಗನಿಗೆ ಭಾನುವಾರ ಮನೆಗೆ ಬಾ ಅಂದಿದ್ದೀನಿ. ನಾಲ್ಕು ಸಾವಿರ ಹಾಡಿನ ಹಾರ್ಡ್‌ಡಿಸ್ಕ್ ತರ್ತೀನಿ ಅಂದ. ಬೇಡ, ಹತ್ತೇ ಹತ್ತು ಟೆಕ್ನೋ ಟ್ರ್ಯಾಕ್ ತಾ, ಹೆಡ್‌ಫೋನ್ ಮರೀಬೇಡ ಅಂದೆ.