ತೂಕದಲ್ಲಿ ಕೊಬ್ಬು ಕಳೆದರೆ ಉಳಿಯುವುದೆಷ್ಟು?

ದಾವಣಗೆರೆಯ ಗರಡಿಮನೆಯಲ್ಲಿ ಸಾಮು ಮಾಡುವವನೂ ದಿನಾ ಸಂಜೆ ಮಂಡಕ್ಕಿ-ಮಿರ್ಚಿ ಮುಂದೆ ಕೂರುವವನೂ ತಲಾ 70 ಕೆಜಿ ತೂಗಬಹುದು. ವ್ಯತ್ಯಾಸ ಇರುವುದು ಕೊಬ್ಬು ಬಿಟ್ಟು ಉಳಿದ ತೂಕದಲ್ಲಿ: ಸ್ನಾಯು, ಮೂಳೆ, ಅಂಗಾಂಗ, ನೀರು.

ಅಂದಾಜಿಗೆ ಬೋಯರ್ ಸೂತ್ರವಿದೆ. ಗಂಡಸರಿಗೆ ಕೆಜಿ ತೂಕ × 0.407, ಸೆಂ.ಮೀ. ಎತ್ತರ × 0.267, ಕೂಡಿಸಿ 19.2 ಕಳೆಯಿರಿ. 70 ಕೆಜಿಯವನ ಎತ್ತರ 170 ಆದರೆ 28.5 + 45.4 − 19.2 = 54.7 ಕೆಜಿ. ಹೆಂಗಸರಿಗೆ ಅಂಕಿಗಳು 0.252, 0.473, 48.3. ಆದರೆ ಸೂತ್ರಕ್ಕೆ ಹೊಟ್ಟೆ ಕಾಣುವುದಿಲ್ಲ! ಎತ್ತರ ಒಂದೇ ಆದರೆ ಮೇಲಿನ ಇಬ್ಬರಿಗೂ ಒಂದೇ ಉತ್ತರ. ಜೊತೆಗೆ ಸೊಂಟಕ್ಕೆ ಟೇಪು ಹಿಡಿಯಲೇಬೇಕು.

ಮೈಯೊಳಗೆ ಸಣ್ಣ ಕರೆಂಟ್ ಹಾಯಿಸಿ ಕೊಬ್ಬು ಹೇಳುವ ಜಿಮ್ಮಿನ ಮಷೀನು ಅಳೆಯುವುದು ದೇಹದ ನೀರಿನ ಲೆಕ್ಕದಲ್ಲಿ. ಏಪ್ರಿಲ್ ಬಿಸಿಲಲ್ಲಿ ಬೆವರಿ ಹತ್ತಿದರೆ ಕೊಬ್ಬು ಜಾಸ್ತಿ ತೋರಿಸೀತು. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಬೆಣ್ಣೆ ದೋಸೆಗೆ ಮುಂಚೆ, ಬರಿಗಾಲಲ್ಲಿ, ಪ್ರತಿ ಸಲ ಅದೇ ಮಷೀನಿನ ಮೇಲೆ ನಿಲ್ಲಿ.